ವಿಶ್ವಕಪ್‌ಗೆ ದೇಶದ ತಂಡಗಳು ಹೇಗೆ ತಯಾರಾಗುತ್ತವೆ? ಚಿಕ್ಕಮಗಳೂರಿನ ಮೈದಾನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಮಗಳೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು. ಸಂಜೆ ಐದಕ್ಕೆ ಶಟರ್ ಅರ್ಧ ಎಳೆದು ಮೈದಾನಕ್ಕೆ ಹೋಗಿ ಹುಡುಗರನ್ನು ಫುಟ್‌ಬಾಲ್ ಆಡಿಸುತ್ತೇನೆ. ಅಷ್ಟಕ್ಕೇ, ವಿಶ್ವಕಪ್ ಹತ್ತಿರ ಬಂತು ಅಂದರೆ ಊರಿನವರಿಗೆಲ್ಲ ನಾನೇ ಫಿಫಾ ಆಫೀಸು. ಆಧಾರ್ ಕಾಪಿ ತೆಗೆಸೋಕೆ ಬಂದವರು ಅರ್ಧ ಗಂಟೆ ನಿಂತು ಪ್ರಶ್ನೆ ಕೇಳುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳೋದು? ಅದಕ್ಕೇ ಈ ಸಲ ಬರೆದಿಟ್ಟಿದ್ದೇನೆ.

ದೇಶದ ತಂಡ ವಿಶ್ವಕಪ್‌ಗೆ ಎಷ್ಟು ತಿಂಗಳು ತಯಾರಿ ಮಾಡುತ್ತೆ?

ತಿಂಗಳಲ್ಲ ಸ್ವಾಮಿ, ದಿನದ ಲೆಕ್ಕ. ಇದನ್ನು ಹೇಳಿದರೆ ಯಾರೂ ನಂಬಲ್ಲ.

ಆಟಗಾರರು ವರ್ಷಪೂರ್ತಿ ಇರುವುದು ತಮ್ಮ ಕ್ಲಬ್‌ನಲ್ಲಿ. ಸಂಬಳ ಕೊಡುವುದು ಕ್ಲಬ್, ದಿನಾ ಪ್ರಾಕ್ಟೀಸ್ ಮಾಡಿಸುವುದು ಕ್ಲಬ್, ಕಾಲು ಉಳುಕಿದರೆ ಡಾಕ್ಟರ್‌ಗೆ ತೋರಿಸುವುದೂ ಕ್ಲಬ್. ದೇಶದ ಕೋಚ್ ಕೈಗೆ ಅವರು ಸಿಗುವುದು ಫಿಫಾ ಗೊತ್ತು ಮಾಡಿದ ಕೆಲವೇ ದಿನಗಳಲ್ಲಿ. 2026ರ ವಿಶ್ವಕಪ್ಪನ್ನೇ ನೋಡಿ. ಕ್ಲಬ್‌ಗಳು ಆಟಗಾರರನ್ನು ಬಿಡಬೇಕಾದ್ದು ಮೇ 25ಕ್ಕೆ. ಮೊದಲ ಪಂದ್ಯ ಜೂನ್ 11ಕ್ಕೆ. ನಡುವೆ ಇರುವುದು 17 ದಿನ. ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಮೇ 30ಕ್ಕೆ, ಅದರಲ್ಲಿ ಆಡುವವರು ಇನ್ನೂ ತಡವಾಗಿ ಬರುತ್ತಾರೆ. 2022ರಲ್ಲಿ ಕತಾರ್‌ನದು ಇನ್ನೂ ಕಷ್ಟ. ಯುರೋಪಿನ ಲೀಗ್‌ಗಳು ನವೆಂಬರ್ 13ರವರೆಗೂ ನಡೆದವು, ವಿಶ್ವಕಪ್ ಶುರುವಾಗಿದ್ದು ನವೆಂಬರ್ 20ಕ್ಕೆ. ಒಂದೇ ಒಂದು ವಾರ!

ನಮ್ಮ ಮಲೆನಾಡಿನ ಮದುವೆ ಮನೆ ನೆನಪು ಮಾಡಿಕೊಳ್ಳಿ. ಅಡುಗೆಯವರು ಒಬ್ಬರು ಕೊಪ್ಪದಿಂದ, ಒಬ್ಬರು ಶೃಂಗೇರಿಯಿಂದ, ಇನ್ನೊಬ್ಬರು ಬಾಳೆಹೊನ್ನೂರಿನಿಂದ ಹಿಂದಿನ ದಿನ ಸಂಜೆ ಬಂದು ಇಳಿಯುತ್ತಾರೆ. ಸಾರು ಮಾಡೋದು ಹೇಗೆ ಅಂತ ಅಲ್ಲಿ ಯಾರೂ ಯಾರಿಗೂ ಕಲಿಸಲ್ಲ. ಒಲೆ ಮುಂದೆ ಯಾರು, ತರಕಾರಿ ಹೆಚ್ಚೋಕೆ ಯಾರು, ಹೋಳಿಗೆ ಯಾರ ಕೈಗೆ ಅಂತ ಹಂಚಿಕೊಳ್ಳುತ್ತಾರೆ. ಬೆಳಗ್ಗೆ ಸಾವಿರ ಎಲೆ ಬೀಳುತ್ತೆ. ದೇಶದ ಕ್ಯಾಂಪೂ ಅಷ್ಟೇ. ಅಲ್ಲಿ ಕೆಲಸ ಹಂಚಿಕೊಳ್ಳುತ್ತಾರೆ, ಆಟವನ್ನು ಬೇರೆ ಕಡೆ ಕಲಿತುಕೊಂಡೇ ಬಂದಿರಬೇಕು.

ಕ್ಲಬ್‌ನವರು ಬಿಡಲ್ಲ ಅಂದರೆ?

ಬಿಡಲೇಬೇಕು, ಫಿಫಾ ನಿಯಮ ಹಾಗಿದೆ. ಸುಮ್ನೆ ಬಿಡಿ ಅಂತಲೂ ಹೇಳಲ್ಲ, ದುಡ್ಡು ಕೊಡುತ್ತದೆ. 2022ರಲ್ಲಿ ಕ್ಲಬ್‌ಗಳಿಗೆ ಹಂಚಿದ್ದು 20.9 ಕೋಟಿ ಡಾಲರ್. ಒಬ್ಬ ಆಟಗಾರನಿಗೆ ದಿನಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲೆ ಬಿತ್ತು. 2026ಕ್ಕೆ ಇಟ್ಟಿರುವುದು 35.5 ಕೋಟಿ ಡಾಲರ್.

26 ಜನರನ್ನು ಹೇಗೆ ಆರಿಸುತ್ತಾರೆ? ಕೊನೆ ಗಳಿಗೆಯಲ್ಲಿ ಕಾಲು ಮುರಿದರೆ?

ಮೊದಲು ದೊಡ್ಡ ಪಟ್ಟಿ. ಅದರಲ್ಲಿ 35ರಿಂದ 55 ಹೆಸರು ಇರುತ್ತವೆ. ಆಮೇಲೆ ಸೋಸಿ 26ಕ್ಕೆ ಇಳಿಸುತ್ತಾರೆ, ಅದರಲ್ಲಿ ಮೂವರಾದರೂ ಗೋಲ್‌ಕೀಪರ್ ಇರಬೇಕು. 2018ರವರೆಗೆ 23 ಜನಕ್ಕಷ್ಟೇ ಜಾಗ ಇತ್ತು. ತೀರಾ ಪೆಟ್ಟಾದರೆ ಅಥವಾ ಕಾಯಿಲೆ ಬಿದ್ದರೆ ತಂಡದ ಮೊದಲ ಪಂದ್ಯಕ್ಕೆ 24 ಗಂಟೆ ಇರುವವರೆಗೆ ಬೇರೆಯವರನ್ನು ಹಾಕಿಕೊಳ್ಳಬಹುದು. ಗೋಲ್‌ಕೀಪರ್‌ಗೆ ಮಾತ್ರ ರಿಯಾಯಿತಿ, ಟೂರ್ನಿ ನಡುವೆಯೂ ಬದಲಾಯಿಸಬಹುದು.

2022ರಲ್ಲಿ ಎರಡು ದೇಶಕ್ಕೆ ಇದೇ ಗತಿ ಬಂತು. ಸೆನೆಗಲ್‌ನ ಸಾಡಿಯೊ ಮಾನೆಗೆ ನವೆಂಬರ್ 8ರಂದು ಕ್ಲಬ್ ಪಂದ್ಯದಲ್ಲಿ ಪೆಟ್ಟಾಯಿತು. ಆದರೂ ಕೋಚ್ ಆಸೆ ಬಿಡದೆ ಪಟ್ಟಿಯಲ್ಲಿ ಅವನ ಹೆಸರು ಇಟ್ಟರು. ಒಂಬತ್ತು ದಿನ ಕಾದು ಕೊನೆಗೆ ಕೈಬಿಟ್ಟರು. ಫ್ರಾನ್ಸ್‌ನ ಬೆಂಜೆಮಾ ಕತಾರ್‌ಗೆ ಬಂದಿಳಿದು ಪ್ರಾಕ್ಟೀಸ್ ಮಾಡುವಾಗಲೇ ತೊಡೆ ಹಿಡಿದುಕೊಂಡರು. ಫ್ರಾನ್ಸ್ ಅವರ ಜಾಗಕ್ಕೆ ಯಾರನ್ನೂ ಕರೆಸಲಿಲ್ಲ. ಹಾಗೇ ಫೈನಲ್‌ವರೆಗೂ ಹೋಯಿತು.

ಪಟ್ಟಿಯಿಂದ ಹೆಸರು ತೆಗೆಯುವ ಕೆಲಸ ಎಷ್ಟು ಕೆಟ್ಟದ್ದು ಅಂತ ನನಗೂ ಸ್ವಲ್ಪ ಗೊತ್ತು. ಒಮ್ಮೆ ಜಿಲ್ಲಾ ಮಟ್ಟಕ್ಕೆ 16 ಹುಡುಗರ ಪಟ್ಟಿ ಮಾಡಿ ಅಂಗಡಿಯಲ್ಲೇ ಪ್ರಿಂಟ್ ತೆಗೆದೆ. ಹದಿನೇಳನೆಯವನು ಕೌಂಟರ್ ಮುಂದೆ ನಿಂತು ಎರಡು ಸಲ ಓದಿದ. ಆಮೇಲೆ "ಅಣ್ಣ, ಇದಕ್ಕೆ ಎಷ್ಟು ಕಾಪಿ ಬೇಕು, ನಾನೇ ಹಂಚಿ ಬರ್ತೀನಿ" ಅಂದ. ನನಗೆ ಅವತ್ತು ಊಟ ಸೇರಲಿಲ್ಲ.

ಕ್ಯಾಂಪ್‌ನಲ್ಲಿ ಇಡೀ ದಿನ ಓಡಿಸ್ತಾರಾ?

ಇಲ್ಲ. ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಲೀಗ್ ಮುಗಿಸಿ ಬಂದವರ ಕಾಲಲ್ಲಿ ಆಗಲೇ ಒಂದು ವರ್ಷದ ಓಟ ತುಂಬಿರುತ್ತದೆ. ಅವರಿಗೆ ಬೇಕಿರುವುದು ನಿದ್ದೆ, ಮಸಾಜು, ಮನೆಯವರ ಜೊತೆ ನಾಲ್ಕು ದಿನ. ಕ್ಲಬ್‌ನಲ್ಲಿ ಬೆಂಚ್ ಮೇಲೆ ಕೂತೇ ಕಾಲ ಕಳೆದವನಿಗೆ ಉಲ್ಟಾ, ಅವನನ್ನು ಓಡಿಸಬೇಕು. ಹಾಗಾಗಿ ಒಂದೇ ಮೈದಾನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಳತೆಯ ಕೆಲಸ. ಬೆನ್ನ ಮೇಲೆ ಜಿಪಿಎಸ್ ಇಟ್ಟ ಬನಿಯನ್ ಹಾಕಿಸಿ ಯಾರು ಎಷ್ಟು ಓಡಿದರು ಅಂತ ಲೆಕ್ಕ ಇಡುತ್ತಾರೆ. ಮೈದಾನದಲ್ಲಿ ಒಂದು ಒಂದೂವರೆ ಗಂಟೆ ಕಳೆದರೆ ಮಿಕ್ಕಿದ್ದು ವಿಡಿಯೊ ನೋಡೋದು, ಮಾತುಕತೆ, ವಿಶ್ರಾಂತಿ.

ಕಡಿಮೆ ದಿನದಲ್ಲಿ ಜಾಸ್ತಿ ಲಾಭ ಸಿಗುವ ವಿಷಯ ಅಂದರೆ ಕಾರ್ನರ್ ಮತ್ತು ಫ್ರೀಕಿಕ್. ಚೆಂಡು ನಿಂತಿರುತ್ತದೆ, ಯಾರು ಎಲ್ಲಿ ಓಡಬೇಕು ಅಂತ ಮೊದಲೇ ಬಾಯಿಪಾಠ ಮಾಡಿಸಬಹುದು. 2018ರಲ್ಲಿ ಇಂಗ್ಲೆಂಡ್ ಹೊಡೆದ 12 ಗೋಲ್‌ಗಳಲ್ಲಿ 9 ಬಂದಿದ್ದು ಹೀಗೆ, ಪೆನಾಲ್ಟಿಯೂ ಸೇರಿ. ಕಾರ್ನರ್ ಹೊಡೆಯುವ ಮುಂಚೆ ಬಸ್ಸಿಗೆ ಕ್ಯೂ ನಿಂತ ಹಾಗೆ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಿದ್ದರು. ಚೆಂಡು ಎದ್ದ ತಕ್ಷಣ ನಾಲ್ಕು ದಿಕ್ಕಿಗೆ ಚದುರುತ್ತಿದ್ದರು. ಯಾರನ್ನು ಹಿಡಿಯೋದು ಅಂತ ಎದುರಿನವರಿಗೆ ಗೊತ್ತಾಗುತ್ತಿರಲಿಲ್ಲ. ನಾನೂ ನಮ್ಮ ಹುಡುಗರಿಗೆ ಹೇಳಿಕೊಟ್ಟೆ. ಕ್ಯೂ ಚೆನ್ನಾಗೇ ನಿಂತರು. ಚದುರುವಾಗ ಇಬ್ಬರು ಒಂದೇ ಕಡೆ ತಿರುಗಿ ಹಣೆಗೆ ಹಣೆ ಡಿಕ್ಕಿ. ಎರಡು ಬೋರೆಕಾಯಿಯಷ್ಟು ಊದಿತ್ತು. ಅವತ್ತಿಗೆ ಪಾಠ ಮುಗೀತು.

ಎಲ್ಲರನ್ನೂ ಒಂದೇ ಕಡೆ ಯಾಕೆ ಇಡ್ತಾರೆ? ದೊಡ್ಡ ಹೋಟೆಲ್ ಸಾಲದಾ?

ಹೋಟೆಲ್ ಎಂಥದ್ದು ಅನ್ನೋದಕ್ಕಿಂತ ಊಟದ ಟೇಬಲ್ಲಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅನ್ನೋದು ಮುಖ್ಯ. 2014ರಲ್ಲಿ ಜರ್ಮನಿ ಬ್ರೆಜಿಲ್‌ನ ಬಹಿಯಾ ಸಮುದ್ರ ತೀರದಲ್ಲಿ ಕಾಂಪೊ ಬಹಿಯಾ ಅನ್ನೋ ಜಾಗದಲ್ಲಿ ಇಳಿದುಕೊಂಡಿತು. ಅಲ್ಲಿಗೆ ಹೋಗಬೇಕಾದರೆ ಹೊಳೆಯನ್ನು ಫೆರ್ರಿಯಲ್ಲಿ ದಾಟಬೇಕಿತ್ತು. ಬೇರೆ ಬೇರೆ ಕ್ಲಬ್‌ನವರನ್ನು ಬೆರೆಸಿ ಒಂದೊಂದು ಮನೆಗೆ ಹಾಕಿದರು. ವರ್ಷವಿಡೀ ಎದುರಾಳಿಗಳಾಗಿ ಗುದ್ದಾಡಿದವರು ಒಂದೇ ಜಗಲಿಯಲ್ಲಿ ಕಾಫಿ ಕುಡಿದರು. ಜುಲೈ 8ರಂದು ಬ್ರೆಜಿಲ್ ಮೇಲೆ 7–1, ಜುಲೈ 13ರಂದು ಕಪ್. ಮನೆ ಹಂಚಿದ್ದಕ್ಕೇ ಕಪ್ ಬಂತು ಅಂತ ನಾನು ಹೇಳಲ್ಲ. ಆದರೆ ಜಗಳ ಇದ್ದರೆ ಏನಾಗುತ್ತೆ ಅಂತ ನಾಲ್ಕು ವರ್ಷ ಮುಂಚೆ ಫ್ರಾನ್ಸ್ ತೋರಿಸಿತ್ತು. ದಕ್ಷಿಣ ಆಫ್ರಿಕಾದ ನೈಸ್ನಾದಲ್ಲಿ ಕೋಚ್ ಮೇಲಿನ ಸಿಟ್ಟಿಗೆ, ಆಟಗಾರ ಅನೆಲ್ಕಾನನ್ನು ಮನೆಗೆ ಕಳಿಸಿದರು ಅಂತ, ಇಡೀ ತಂಡ ಪ್ರಾಕ್ಟೀಸ್ ಬಿಟ್ಟು ಬಸ್ಸಲ್ಲಿ ಕೂತಿತು. ಒಂದು ಪಂದ್ಯವನ್ನೂ ಗೆಲ್ಲದೆ ಮನೆಗೆ ಹೋದರು.

ನನಗೆ ತುಂಬಾ ಇಷ್ಟವಾದದ್ದು ದಕ್ಷಿಣ ಕೊರಿಯಾದ ಕಥೆ. 2001ರಲ್ಲಿ ಡಚ್ ಕೋಚ್ ಗುಸ್ ಹಿಡಿಂಕ್ ಬಂದಾಗ ಅಲ್ಲಿ ಹಿರಿಯರು ಒಂದು ಟೇಬಲ್, ಕಿರಿಯರು ಇನ್ನೊಂದು ಟೇಬಲ್. ಮೈದಾನದಲ್ಲೂ ಚಿಕ್ಕವನು ದೊಡ್ಡವನಿಗೆ ಪಾಸ್ ಕೊಡು ಅಂತ ಕೂಗಲು ಹಿಂಜರಿಯುತ್ತಿದ್ದ. ಹಿಡಿಂಕ್ ಎಲ್ಲರನ್ನೂ ಬೆರೆಸಿ ಕೂರಿಸಿದರು, ಹೆಸರು ಹಿಡಿದೇ ಕರೆಯಿರಿ ಅಂದರು. ನಮ್ಮಲ್ಲೂ ಅದೇ ತಾನೇ? "ಅಣ್ಣ, ಸ್ವಲ್ಪ ಈ ಕಡೆ ಕೊಡ್ತೀರಾ" ಅಂತ ಗೌರವದಿಂದ ಕೇಳಿ ಮುಗಿಸುವಷ್ಟರಲ್ಲಿ ಎದುರಿನವನು ಚೆಂಡು ಕಿತ್ತುಕೊಂಡು ಹೋಗಿರುತ್ತಾನೆ. ಮೈದಾನದೊಳಗೆ ಅಣ್ಣ ಬೇಡ ಅಂತ ನಾನೂ ನಿಯಮ ಮಾಡಿದ್ದೇನೆ. ಹೊರಗೆ ಬಂದ ಮೇಲೆ ಮತ್ತೆ ಅಣ್ಣನೇ.

ಫ್ರೆಂಡ್ಲಿ ಮ್ಯಾಚ್ ಸೋತರೆ ತಂಡ ಕೆಟ್ಟದು ಅಂತಾನಾ?

ಅದನ್ನು ನೋಡಿ ಬೆಟ್ ಕಟ್ಟೋದು ದಡ್ಡತನ. ಬೆಟ್ ಕಟ್ಟೋದೇ ದಡ್ಡತನ, ಅದು ಬೇರೆ ಮಾತು. ಅರ್ಜೆಂಟೀನಾ 2022ರ ನವೆಂಬರ್ 16ರಂದು ಅಬುಧಾಬಿಯಲ್ಲಿ ಯುಎಇ ಮೇಲೆ 5–0 ಗೆದ್ದಿತು. ಆರು ದಿನ ಬಿಟ್ಟು ಸೌದಿ ಅರೇಬಿಯಾ ಕೈಲಿ 2–1ರಿಂದ ಸೋತಿತು. ಹಿಡಿಂಕ್ ಕೊರಿಯಾಕ್ಕೆ ಬಂದ ವರ್ಷ ಕಾನ್ಫೆಡರೇಷನ್ಸ್ ಕಪ್ ಟೂರ್ನಿಯಲ್ಲಿ ಫ್ರಾನ್ಸ್ ಕೈಲಿ 0–5, ಫ್ರೆಂಡ್ಲಿಯಲ್ಲಿ ಜೆಕ್ ರಿಪಬ್ಲಿಕ್ ಕೈಲೂ 0–5. ಅಲ್ಲಿನ ಜನ ಅವರಿಗೆ "ಐದು-ಸೊನ್ನೆ" ಅಂತಲೇ ಅಡ್ಡಹೆಸರು ಇಟ್ಟರು. ಮುಂದಿನ ವರ್ಷ ಅದೇ ತಂಡ ವಿಶ್ವಕಪ್ ಸೆಮಿಫೈನಲ್ ಆಡಿತು. ತನಗಿಂತ ಬಲಶಾಲಿಗಳ ಎದುರು ಆಡಿದ್ದಕ್ಕೆ ಸಿಕ್ಕ ಏಟು ಅದು.

ಮೆಕ್ಸಿಕೋದಲ್ಲಿ ಉಸಿರು ಕಟ್ಟುತ್ತೆ ಅಂತಾರಲ್ಲ, ನಿಜಾನಾ?

ಚಿಕ್ಕಮಗಳೂರಿನವರಿಗೆ ಇದನ್ನು ವಿವರಿಸೋದು ಸುಲಭ. ಸೀತಾಳಯ್ಯನಗಿರಿ ಹತ್ತಿರ ಗಾಡಿ ನಿಲ್ಲಿಸಿ ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತಿದ್ದೀರಲ್ಲ? ಅರ್ಧ ದಾರಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು "ನೀವು ಹೋಗ್ತಾ ಇರಿ, ಫೋಟೋ ತೆಗೆದು ಬರ್ತೀನಿ" ಅಂತ ಸುಳ್ಳು ಹೇಳಿ ನಿಂತಿದ್ದೀರಲ್ಲ? ಆ ಶಿಖರ ಸುಮಾರು 1,930 ಮೀಟರ್. ಮೆಕ್ಸಿಕೋ ಸಿಟಿ ಸುಮಾರು 2,240 ಮೀಟರ್. ಅಂದರೆ ಮುಳ್ಳಯ್ಯನಗಿರಿ ತುದಿಗಿಂತ ಮುನ್ನೂರು ಮೀಟರ್ ಮೇಲೆ 90 ನಿಮಿಷ ಓಡಬೇಕು. 2026ರ ಮೊದಲ ಪಂದ್ಯ ಇರುವುದು ಅಲ್ಲೇ, ಅಸ್ಟೆಕಾ ಸ್ಟೇಡಿಯಂನಲ್ಲಿ.

ಎತ್ತರದಲ್ಲಿ ಗಾಳಿ ತೆಳು. ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ದೇಹ ಅದಕ್ಕೆ ಹೊಂದಿಕೊಂಡು ಕೆಂಪು ರಕ್ತಕಣ ಹೆಚ್ಚಿಸಿಕೊಳ್ಳಲು ವಾರಗಟ್ಟಲೆ ಬೇಕು. ಚೆಂಡಿನ ಗುಣವೂ ಬದಲಾಗುತ್ತೆ. ತಡೆಯೋ ಗಾಳಿ ಕಡಿಮೆ ಆದ್ದರಿಂದ ಜೋರಾಗಿ ಹೋಗುತ್ತೆ, ತಿರುಗೋದು ಕಡಿಮೆ. ಗೋಲ್‌ಕೀಪರ್ ಪಾಡು ಕೇಳಬೇಡಿ. 1970ರಲ್ಲಿ ಬ್ರೆಜಿಲ್ ಮೆಕ್ಸಿಕೋಗೆ ಬಹಳ ಮುಂಚೆಯೇ ಹೋಗಿ ಎತ್ತರದ ಊರಲ್ಲಿ ಬೀಡುಬಿಟ್ಟು ಮೈ ಒಗ್ಗಿಸಿಕೊಂಡಿತು, ಕಪ್ಪನ್ನೂ ತಂದಿತು. 2009ರಲ್ಲಿ ಮರಡೋನಾ ಕೋಚ್ ಆಗಿದ್ದ ಅರ್ಜೆಂಟೀನಾ, ಮೆಸ್ಸಿಯನ್ನೂ ಕರೆದುಕೊಂಡು ಸುಮಾರು 3,600 ಮೀಟರ್ ಎತ್ತರದ ಲಾ ಪಾಜ್‌ಗೆ ಹೋಗಿ ಬೊಲಿವಿಯಾ ಕೈಲಿ 6–1ರಿಂದ ಸೋತು ಬಂತು.

ಈಗಿನವರಿಗೆ ಅಷ್ಟು ದಿನ ಎಲ್ಲಿದೆ? ಸೆಕೆಗೆ ಮಾತ್ರ ಒಂದು ಅನುಕೂಲ ಮಾಡಿದ್ದಾರೆ. 2026ರಲ್ಲಿ ಪ್ರತಿ ಪಂದ್ಯದ ಎರಡೂ ಅರ್ಧದಲ್ಲಿ ನೀರು ಕುಡಿಯಲು ಮೂರು ಮೂರು ನಿಮಿಷ ಬಿಡುವು.

ಊಟ ಏನು? ಅಲ್ಲಿನ ಊಟ ಹಿಡಿಸದಿದ್ದರೆ?

ಅಡುಗೆಯವರನ್ನೇ ಕರೆದುಕೊಂಡು ಹೋಗುತ್ತಾರೆ. 2022ರಲ್ಲಿ ಅರ್ಜೆಂಟೀನಾದವರು ಕತಾರ್‌ಗೆ ಸುಮಾರು 500 ಕೆ.ಜಿ. ಯೆರ್ಬಾ ಮಾಟೆ ಹೊತ್ತುಕೊಂಡು ಹೋಗಿದ್ದರು. ಅದು ಅವರ ಕಷಾಯದ ಸೊಪ್ಪು, ನಮಗೆ ಕಾಫಿ ಇದ್ದ ಹಾಗೆ. ಒಂದೇ ಸೋರೆ ಬುರುಡೆಯಿಂದ ಒಬ್ಬರಾದ ಮೇಲೆ ಒಬ್ಬರು ಹೀರುತ್ತಾರೆ. ನಮ್ಮೂರ ತಂಡ ಹೋಗುವ ಹಾಗಿದ್ದರೆ ಕಾಫಿಪುಡಿ ಡಬ್ಬಕ್ಕೆ ಬೇರೆ ಸೂಟ್‌ಕೇಸೇ ಬೇಕಿತ್ತು, ಚಿಕೋರಿ ಎಷ್ಟು ಹಾಕಬೇಕು ಅಂತ ಕ್ಯಾಂಪ್ ಎರಡು ಪಾಲಾಗುತ್ತಿತ್ತು. ಅಂದ ಹಾಗೆ, ಆಟಗಾರರು ಕಾಫಿ ಕುಡಿಯಬಹುದು. ಕೆಫೀನನ್ನು ನಿಷೇಧಿತ ಪಟ್ಟಿಯಿಂದ 2004ರಲ್ಲೇ ತೆಗೆದಿದ್ದಾರೆ.

ಪೆನಾಲ್ಟಿ ಪ್ರಾಕ್ಟೀಸ್ ಮಾಡಿದರೆ ಪ್ರಯೋಜನ ಇದೆಯಾ? ಅದು ಅದೃಷ್ಟ ಅಲ್ವಾ?

ಎರಡೂ ಇದೆ. ಇಂಗ್ಲೆಂಡ್ 1990, 1998, 2006ರ ವಿಶ್ವಕಪ್‌ಗಳಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲೇ ಸೋತು ಹೊರಬಿತ್ತು. 2018ರ ಕೋಚ್ ಗ್ಯಾರೆತ್ ಸೌತ್‌ಗೇಟ್ ಸ್ವತಃ 1996ರ ಯುರೋ ಕಪ್ ಸೆಮಿಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿದವರು. ಅವರು ಇದನ್ನು ಅದೃಷ್ಟಕ್ಕೆ ಬಿಡಲಿಲ್ಲ. ಯಾರು ಹೊಡೆಯಬೇಕು, ಸೆಂಟರ್‌ನಿಂದ ಹೇಗೆ ನಡೆದು ಬರಬೇಕು, ಚೆಂಡು ಇಟ್ಟ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲವನ್ನೂ ತಿಂಗಳುಗಟ್ಟಲೆ ಮುಂಚೆಯೇ ಅಭ್ಯಾಸ ಮಾಡಿಸಿದರು. ಕೊಲಂಬಿಯಾ ಮೇಲೆ 4–3ರಿಂದ ಗೆದ್ದರು. ಸ್ಪೇನ್ ಕೋಚ್ ಲೂಯಿಸ್ ಎನ್ರಿಕೆ 2022ಕ್ಕೆ ಮುಂಚೆ ತಮ್ಮವರಿಗೆ ಕ್ಲಬ್‌ನಲ್ಲೇ ಸಾವಿರ ಪೆನಾಲ್ಟಿ ಹೊಡೆದು ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟಿದ್ದರು. ಮೊರಾಕ್ಕೊ ಎದುರು ಮೂರು ಹೊಡೆದರು, ಮೂರೂ ಹೋಯಿತು. ಒಂದು ಕಂಬಕ್ಕೆ, ಎರಡು ಗೋಲ್‌ಕೀಪರ್ ಬೋನೊ ಕೈಗೆ.

ಗೋಲ್‌ಕೀಪರ್ ತಯಾರಿ ಇನ್ನೂ ಸ್ವಾರಸ್ಯ. 2006ರಲ್ಲಿ ಬರ್ಲಿನ್‌ನಲ್ಲಿ ಜರ್ಮನಿ–ಅರ್ಜೆಂಟೀನಾ ಕ್ವಾರ್ಟರ್‌ಫೈನಲ್. ಜರ್ಮನಿಯ ಗೋಲ್‌ಕೀಪರ್ ಕೋಚ್ ಹೋಟೆಲ್‌ನ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗೀಚಿ ಕೊಟ್ಟಿದ್ದರು, ಅರ್ಜೆಂಟೀನಾದಲ್ಲಿ ಯಾರು ಯಾವ ಕಡೆ ಹೊಡೆಯುತ್ತಾರೆ ಅಂತ. ಗೋಲ್‌ಕೀಪರ್ ಲೇಮನ್ ಅದನ್ನು ಸಾಕ್ಸ್‌ನಲ್ಲಿ ಸಿಕ್ಕಿಸಿಕೊಂಡಿದ್ದರು. ಪ್ರತಿ ಕಿಕ್ಕಿಗೂ ಮುಂಚೆ ತೆಗೆದು ನೋಡೋದು, ಮಡಚಿ ಒಳಗೆ ಇಡೋದು. ಕೊನೆಗೆ ಬಂದ ಕಾಂಬಿಯಾಸೊ ಹೆಸರು ಆ ಚೀಟಿಯಲ್ಲಿ ಇರಲೇ ಇಲ್ಲ! ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು? ಲೇಮನ್ ಗಂಭೀರವಾಗಿ ಚೀಟಿ ನೋಡಿದರು, ಆಮೇಲೆ ಚೆಂಡು ತಡೆದರು. ಪರೀಕ್ಷೆಯಲ್ಲಿ ಖಾಲಿ ಚೀಟಿ ಇಟ್ಟುಕೊಂಡು ಮೇಷ್ಟ್ರನ್ನೇ ಹೆದರಿಸಿದ ಹಾಗೆ.

ಚಿಕ್ಕ ದೇಶಗಳೂ ಬರುತ್ತವಲ್ಲ, ಅವು ಹೇಗೆ ತಯಾರಾಗುತ್ತವೆ?

2026ರಲ್ಲಿ 48 ತಂಡ, 104 ಪಂದ್ಯ. ಅದರಲ್ಲಿ ಕ್ಯುರಸಾವೊ ಅನ್ನೋ ಕೆರಿಬಿಯನ್ ದ್ವೀಪವೂ ಒಂದು. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ 11 ಲಕ್ಷ ದಾಟಿತ್ತು. ವಿಶ್ವಕಪ್‌ಗೆ ಬಂದ ದೇಶಗಳಲ್ಲಿ ಇಷ್ಟು ಕಡಿಮೆ ಜನ ಇರುವ ದೇಶ ಹಿಂದೆ ಇರಲೇ ಇಲ್ಲ. ಆದರೆ ಅವರ ಆಟಗಾರರಲ್ಲಿ ಬಹುಪಾಲು ಹುಟ್ಟಿ ಬೆಳೆದದ್ದು ನೆದರ್‌ಲೆಂಡ್ಸ್‌ನಲ್ಲಿ, ಅಲ್ಲಿನ ಕ್ಲಬ್‌ಗಳಲ್ಲೇ ಆಟ ಕಲಿತವರು. ಐಸ್‌ಲೆಂಡ್ ಬೇರೆ ದಾರಿ ಹಿಡಿಯಿತು. ಚಳಿಗಾಲದಲ್ಲಿ ಮಕ್ಕಳು ಆಡಲು ಒಳಾಂಗಣ ಮೈದಾನ ಕಟ್ಟಿತು, ಊರೂರಿಗೂ ತರಬೇತಿ ಪಡೆದ ಕೋಚ್‌ಗಳನ್ನು ಇಟ್ಟಿತು. 2018ರಲ್ಲಿ ವಿಶ್ವಕಪ್‌ಗೆ ಬಂತು. ಅವರ ಕೋಚ್ ಹಲ್ಲಿನ ಡಾಕ್ಟರ್ ಆಗಿದ್ದವರು. ಜೆರಾಕ್ಸ್ ಅಂಗಡಿಯವನಿಗೂ ಆಸೆ ಇರಬಾರದಾ?

ಭಾರತ ಯಾಕೆ ಇಲ್ಲ? ಬೂಟು ಇರಲಿಲ್ಲ ಅಂತ 1950ರಲ್ಲಿ ಬಿಡಲಿಲ್ಲ ಅಂತೆ?

ಬೂಟಿನ ಕಥೆ ಕೇಳೋಕೆ ಚೆನ್ನಾಗಿದೆ, ಅಷ್ಟೇ. ನಮ್ಮವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿ ಫ್ರಾನ್ಸ್ ಎದುರು 2–1ರಲ್ಲಿ ಸೋತರು. ಎರಡು ಪೆನಾಲ್ಟಿ ಕೈತಪ್ಪಿದವು. ನಮ್ಮ ಆ ಒಂದು ಗೋಲ್ ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. 1950ರಲ್ಲಿ ಬೇರೆ ದೇಶಗಳು ಹಿಂದೆ ಸರಿದಿದ್ದರಿಂದ ಬ್ರೆಜಿಲ್‌ಗೆ ಹೋಗುವ ಅವಕಾಶ ತಾನಾಗಿ ಬಂತು. ಆಗ ನಮ್ಮ ಫುಟ್‌ಬಾಲ್ ಸಂಸ್ಥೆ ಕೊಟ್ಟ ಕಾರಣ, ತಂಡದ ಆಯ್ಕೆಯಲ್ಲಿ ಒಮ್ಮತ ಇಲ್ಲ, ಪ್ರಾಕ್ಟೀಸ್‌ಗೆ ಸಮಯ ಸಾಲದು ಅಂತ. ಆಗಿನ ಕಾಲಕ್ಕೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಂದರೆ ಏನು ಅಂತ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಆಮೇಲೆ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಬಂತು, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂತು. ಈಗ? 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ಗೆ ಹೋದಾಗ ಅಲ್ಲಿ ಸಿಕ್ಕ ತಯಾರಿ ಎರಡು ವಾರ. ಕೋಚ್ ಸ್ಟಿಮಾಚ್ ಜಾಸ್ತಿ ದಿನ ಬೇಕು ಅಂತ ಗೋಗರೆದಿದ್ದರು. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರರ ಎದುರೂ ಸೋತೆವು, ಒಂದು ಗೋಲ್ ಕೂಡ ಬರಲಿಲ್ಲ. ಕ್ಯಾಂಪ್ ಒಂದು ತಿಂಗಳು ಇದ್ದಿದ್ದರೆ ಗೆಲ್ಲುತ್ತಿದ್ದೆವು ಅನ್ನುವವರು ಇದ್ದಾರೆ. ನಾನು ಒಪ್ಪಲ್ಲ. ಹುಡುಗ ಎಂಟು ವರ್ಷದವನಿದ್ದಾಗಿಂದ ವರ್ಷಕ್ಕೆ ಮೂವತ್ತು ಒಳ್ಳೆ ಪಂದ್ಯ ಆಡಿರಬೇಕು. ನಮ್ಮ ಜಿಲ್ಲೆಯ ಹುಡುಗನಿಗೆ ಮೂರು ಸಿಕ್ಕರೆ ಪುಣ್ಯ. ಅದರಲ್ಲೂ ಒಂದು ಸಲ ಆಯ್ಕೆ ಪಂದ್ಯ ಇರುವ ವಿಷಯ ನಮಗೆ ತಿಳಿದದ್ದೇ ಹಿಂದಿನ ದಿನ ಸಂಜೆ. ಹೋಗಿ 6–0 ಸೋತು, ರಾತ್ರಿ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಚಿತ್ರಾನ್ನ ತಿಂದು ವಾಪಸ್ ಬಂದೆವು.

ಇಷ್ಟರ ನಡುವೆ ಹುಡುಗಿಯರು ಒಳ್ಳೆ ಕೆಲಸ ಮಾಡಿದ್ದಾರೆ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅವರ ನೆಲದಲ್ಲೇ 2–1ರಿಂದ ಸೋಲಿಸಿ 2026ರ ಮಹಿಳಾ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ಕರ್ನಾಟಕದ ಹುಡುಗರು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದರು. ಅದಕ್ಕೂ ಹಿಂದೆ ಅದು ಬಂದಿದ್ದು ಮೈಸೂರು ರಾಜ್ಯ ಅಂತ ಹೆಸರಿದ್ದ ಕಾಲದಲ್ಲಿ.

ಮಳೆಗಾಲದಲ್ಲಿ ನನ್ನ ಮಗನಿಗೆ ಎಂಥ ಶೂ ಕೊಡಿಸಲಿ?

ಸ್ಟಡ್, ಅಂದರೆ ಅಡಿಯಲ್ಲಿ ಗುಬುಟು, ಇರುವಂಥದ್ದು. ದುಬಾರಿಯದು ಬೇಡ, ಕಾಲು ಬೆಳೀತಾ ಇರುತ್ತೆ. 1954ರ ಫೈನಲ್ ಬರ್ನ್‌ನಲ್ಲಿ ಮಳೆಯಲ್ಲೇ ನಡೆಯಿತು. ಪಶ್ಚಿಮ ಜರ್ಮನಿಯ ಬೂಟಿಗೆ ತಿರುಪಿ ಬದಲಾಯಿಸುವ ಸ್ಟಡ್ ಇತ್ತು, ಕೆಸರಿಗೆ ತಕ್ಕ ಹಾಗೆ ಉದ್ದದ್ದು ಹಾಕಿಕೊಂಡರು. ಲೀಗ್ ಹಂತದಲ್ಲಿ ತಮ್ಮನ್ನು 8–3ರಿಂದ ಚಚ್ಚಿದ್ದ ಹಂಗೆರಿಯನ್ನು 3–2ರಿಂದ ಸೋಲಿಸಿದರು. ನಮ್ಮ ಮೈದಾನದ ಜುಲೈ ಕೆಸರಿಗೆ ಯಾವ ಸ್ಟಡ್ಡೂ ಸಾಲದು, ಅದು ಬೇರೆ. ಮನೆಗೆ ಬಂದ ಮೇಲೆ ಹಳೇ ಪೇಪರ್ ಉಂಡೆ ಮಾಡಿ ಶೂ ಒಳಗೆ ತುರುಕಿಡಿ, ಬೆಳಗ್ಗೆಗೆ ಒಣಗುತ್ತೆ. ಒಲೆ ಪಕ್ಕ ಇಡಬೇಡಿ, ಅಂಟು ಬಿಟ್ಟು ಬಾಯಿ ತೆರೆಯುತ್ತೆ.

ನಮಗೆ ಎಷ್ಟು ಗಂಟೆಗೆ ಬರುತ್ತೆ? ಪ್ರೊಜೆಕ್ಟರ್ ಹಾಕ್ತೀರಾ?

ಮೊದಲ ಪಂದ್ಯ ನಮ್ಮ ಲೆಕ್ಕದಲ್ಲಿ ಜೂನ್ 11 ಕಳೆದು ರಾತ್ರಿ 12.30ಕ್ಕೆ. ಫೈನಲ್ ಕೂಡ ಜುಲೈ 19ರ ಭಾನುವಾರ ಕಳೆದು 12.30ಕ್ಕೆ. ಕೆಲವು ಬೆಳಗಿನ ಜಾವ, ಹಾಲು ತರೋ ಹೊತ್ತಿಗೆ. ಪ್ರೊಜೆಕ್ಟರ್ ಹಾಕುತ್ತೇನೆ, ಅಂಗಡಿ ಒಳಗೇ, ಬಿಳಿ ಗೋಡೆ ಮೇಲೆ. ಮಳೆಗೆ ಕರೆಂಟ್ ಹೋದರೆ ಯುಪಿಎಸ್ ಮುಕ್ಕಾಲು ಗಂಟೆ ಬರುತ್ತೆ, ಒಂದು ಅರ್ಧಕ್ಕೆ ಸಾಕು. ಹದಿನೈದು ಜನಕ್ಕೆ ಜಾಗ. ಕುರ್ಚಿ ನಿಮ್ಮದೇ ತನ್ನಿ, ಫ್ಲಾಸ್ಕ್ ಕೂಡ. ಶಾಲೆ ಮಕ್ಕಳಿಗೆ ಭಾನುವಾರದ ಪಂದ್ಯ ಮಾತ್ರ, ಅದೂ ಅಪ್ಪನೋ ಅಮ್ಮನೋ ಜೊತೆಗೆ ಬಂದರೆ.